ಯೋಜನೆ ಬಂತು, ಬದುಕು ಎಷ್ಟು ಬದಲಾಯ್ತು? ಲೆಕ್ಕ ಹಿಡಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಯಲ್ಲಾಪುರ, ಜೋಯಿಡಾ ಕಡೆ ಪಂಚಾಯತಿ ಸದಸ್ಯರು, ಸ್ವಸಹಾಯ ಸಂಘದ ಅಕ್ಕಂದಿರು, ಪ್ರಾಜೆಕ್ಟ್ ಮಾಡುವ ಕಾಲೇಜು ಮಕ್ಕಳು ಸರಕಾರದ ಯೋಜನೆಗಳಿಂದ ಬದುಕು ಎಷ್ಟು ಬದಲಾಯಿತು ಅಂತ ಅಳೆಯುವ ಬಗ್ಗೆ ಮಾತಿನಲ್ಲಿ, ಪತ್ರದಲ್ಲಿ ಕೇಳಿದ ಪ್ರಶ್ನೆಗಳಿವು. ಅವರು ಕೇಳಿದ ಹಾಗೆಯೇ ಇಟ್ಟಿದ್ದೇನೆ. ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ: ಹೊಸದೊಂದು ದೊಡ್ಡ ಸಮೀಕ್ಷೆಗಿಂತ, ಪಂಚಾಯತಿಯ ಒಂದು ಪುಸ್ತಕದಲ್ಲಿ ಯೋಜನೆ ಸಿಗದೆ ಬಿಟ್ಟುಹೋದವರನ್ನೂ ಬಿಟ್ಟ ಕಾರಣವನ್ನೂ ಬರೆದಿಡುವುದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

## ಶುರುವಿನ ಪ್ರಶ್ನೆಗಳು

ಫಲಾನುಭವಿಗಳ ಪಟ್ಟಿ ಇದೆಯಲ್ಲ, ಮತ್ತೆ ಬೇರೆ ಲೆಕ್ಕ ಯಾಕೆ?

ಪಟ್ಟಿ ಹೇಳುವುದು ಯಾರಿಗೆ ಸಿಕ್ಕಿತು ಅಂತ. ಸಿಕ್ಕಿದ್ದರಿಂದ ಏನಾಯಿತು ಅಂತ ಅದು ಹೇಳುವುದಿಲ್ಲ. ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಎಲ್ಲಿ ಹತ್ತಿದರು, ಎಲ್ಲಿಗೆ ಹೊರಟರು ಅನ್ನುವುದು ಇರುತ್ತದೆ. ಹತ್ತಿದವರು ಯಾರು, ಯಾಕೆ ಹೊರಟರು ಅನ್ನುವುದು ಇರುವುದಿಲ್ಲ. ಹಾಗಾಗಿ 2023ರ ಜೂನ್ 11ರಿಂದ ಎಷ್ಟು ಪ್ರಯಾಣ ಆಯಿತು ಅಂತ ಸಾರಿಗೆ ಸಂಸ್ಥೆ ಹೇಳಬಲ್ಲದು. ಎಷ್ಟು ಹೆಂಗಸರು ಅಂತ ಅದೇ ಟಿಕೆಟ್ಟಿನಿಂದ ಹೇಳಲಾಗದು. ಅಂಕೋಲಾದಿಂದ ದಿನಾ ಕಾರವಾರಕ್ಕೆ ಮೀನು ಮಾರಲು ಹೋಗುವ ಒಬ್ಬಳೇ ಹೆಂಗಸು ಮೂವತ್ತು ದಿನಕ್ಕೆ ಅರವತ್ತು ಟಿಕೆಟ್ ಆಗುತ್ತಾಳೆ. ಮೊದಲು ಅವಳು ಟೆಂಪೋಗೆ ದುಡ್ಡು ಕೊಟ್ಟು ಹೋಗುತ್ತಿದ್ದಳೋ, ಅಥವಾ ಹೋಗುತ್ತಲೇ ಇರಲಿಲ್ಲವೋ? ಎರಡಕ್ಕೂ ಅರ್ಥ ಬೇರೆ ಬೇರೆ. ಮೊದಲನೆಯದು ಉಳಿತಾಯ, ಎರಡನೆಯದು ಹೊಸ ದುಡಿಮೆ.

ಹೊರಗೆ ಉಳಿದವರನ್ನ ಹುಡುಕೋದು ಹೇಗೆ? ಅವರು ಪಟ್ಟಿಯಲ್ಲೇ ಇಲ್ವಲ್ಲ?

ಪಟ್ಟಿಯಿಂದ ಶುರು ಮಾಡಬೇಡಿ, ಮನೆಗಳಿಂದ ಶುರು ಮಾಡಿ. ಪಂಚಾಯತಿಯ ಮನೆ ತೆರಿಗೆ ಪುಸ್ತಕ, ಕರೆಂಟ್ ಮೀಟರಿನ ಆರ್‌ಆರ್ ನಂಬರು, ಅಂಗನವಾಡಿಯ ಕುಟುಂಬ ಸಮೀಕ್ಷೆ ಪುಸ್ತಕ, ಈ ಮೂರನ್ನೂ ಪಕ್ಕದಲ್ಲಿ ಇಟ್ಟುಕೊಂಡರೆ ಹೆಚ್ಚಿನ ಮನೆಗಳು ಸಿಗುತ್ತವೆ. ಆದರೆ ನಮ್ಮ ಜಿಲ್ಲೆಯಲ್ಲಿ ಅರಣ್ಯ ಅತಿಕ್ರಮಣದ ಜಾಗದಲ್ಲಿ ಇರುವ ಮನೆಗಳು ಬಹಳ. ಅವುಗಳಲ್ಲಿ ಕೆಲವು ತೆರಿಗೆ ಪುಸ್ತಕದಲ್ಲಿ ಇರುವುದಿಲ್ಲ, ಮೀಟರೂ ಇಲ್ಲದಿರಬಹುದು. ಅಲ್ಲಿಗೆ ನಡೆದೇ ಹೋಗಬೇಕು. ಕೇರಿಯ ಕೊನೆಯ ಮನೆಯಲ್ಲಿ "ಇಲ್ಲಿಂದ ಆಚೆ ಯಾರಾದರೂ ಇದ್ದಾರಾ?" ಅಂತ ಕೇಳುವುದನ್ನು ಮರೆಯಬೇಡಿ. ಯೋಜನೆ ಮುಟ್ಟದವರು ಸಿಗುವುದು ಹೆಚ್ಚಾಗಿ ಆ ಪ್ರಶ್ನೆಯ ನಂತರವೇ.

ಜನಗಣತಿ ಅಂಕಿ ಸಾಕಾಗೋದಿಲ್ವಾ?

ಕೊನೆಯ ಜನಗಣತಿ ನಡೆದದ್ದು 2011ರಲ್ಲಿ. ಆಗ ಜಿಲ್ಲೆಯ ಜನಸಂಖ್ಯೆ 14,37,169. 2021ರದ್ದು ನಡೆಯಲಿಲ್ಲ. ಮುಂದಿನದಕ್ಕೆ ಗೊತ್ತು ಮಾಡಿದ ದಿನ 2027ರ ಮಾರ್ಚ್ 1. ಈಗ "ಶೇಕಡಾ ಇಷ್ಟು ಮನೆಗೆ ತಲುಪಿದೆ" ಅಂತ ಯಾರಾದರೂ ಹೇಳಿದರೆ, ಭಾಗಿಸಲು ಹಿಡಿದ ಒಟ್ಟು ಮನೆಗಳ ಸಂಖ್ಯೆ ಯಾವ ವರ್ಷದ್ದು ಅಂತ ಕೇಳಿ. ಈಗಿನ ಕಾರ್ಡುಗಳನ್ನು 2011ರ ಮನೆಗಳಿಂದ ಭಾಗಿಸಿದರೆ ನೂರಕ್ಕಿಂತ ಜಾಸ್ತಿಯೂ ಬರಬಹುದು! ರೇಷನ್ ವಿಷಯದಲ್ಲಂತೂ ಇದು ಬರೀ ಕಾಗದದ ಮಾತಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಕೇಂದ್ರ ಎಷ್ಟು ಜನರಿಗೆ ಧಾನ್ಯ ಕೊಡುತ್ತದೆ ಅನ್ನುವುದು ಇನ್ನೂ 2011ರ ಜನಸಂಖ್ಯೆಯ ಮೇಲೇ ನಿಂತಿದೆ.

ಸರಕಾರದ ದೊಡ್ಡ ಸಮೀಕ್ಷೆಗಳಲ್ಲಿ ನಮ್ಮ ಜಿಲ್ಲೆ ಸಿಗುತ್ತಾ?

ಅಲ್ಪ ಸ್ವಲ್ಪ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜಿಲ್ಲೆಗೊಂದು ಹಾಳೆ ಇದೆ. ಐದನೆಯ ಸುತ್ತು 2019-21ರದ್ದು, ಅಂದರೆ ಶಕ್ತಿಯಂಥ 2023ರ ಗ್ಯಾರಂಟಿ ಯೋಜನೆಗಳಿಗಿಂತ ಮೊದಲಿನ ಚಿತ್ರ. ಉದ್ಯೋಗದ ಸಮೀಕ್ಷೆಯಲ್ಲಿ 2025ರ ಜನವರಿಯಿಂದ ಮಾದರಿ ಆಯ್ಕೆಗೆ ಜಿಲ್ಲೆಯನ್ನೇ ಮೂಲ ಘಟಕ ಮಾಡಿದ್ದಾರೆ.

ಮನೆ ಖರ್ಚಿನ ಸಮೀಕ್ಷೆ ಮಾತ್ರ ತುಂಬಾ ಕುತೂಹಲದ್ದು. ಒಂದು 2022ರ ಆಗಸ್ಟಿನಿಂದ 2023ರ ಜುಲೈವರೆಗೆ, ಇನ್ನೊಂದು ಅದರ ಮುಂದಿನ ವರ್ಷ. ಕರ್ನಾಟಕಕ್ಕೆ ಹೆಚ್ಚುಕಡಿಮೆ "ಮೊದಲು" ಮತ್ತು "ನಂತರ" ತಾನಾಗಿ ಸಿಕ್ಕಿದ ಹಾಗೆ. ರಾಜ್ಯದ ಮಟ್ಟಕ್ಕೆ ಬಳಸಿ, ತಾಲೂಕಿಗೆ ಇಳಿಸಬೇಡಿ. ಒಂದು ಎಚ್ಚರಿಕೆ ಬೇಕು. ಪುಕ್ಕಟೆ ಸಿಕ್ಕ ಅಕ್ಕಿ, ಸಮವಸ್ತ್ರ, ಸೈಕಲ್ಲಿಗೆ ಅದರಲ್ಲಿ ಬೆಲೆ ಕಟ್ಟಿ ಇನ್ನೊಂದು ಅಂಕಿಯನ್ನೂ ಕೊಡುತ್ತಾರೆ. ಪುಕ್ಕಟೆ ಬಸ್ಸಿಗೆ ಬೆಲೆ ಕಟ್ಟುವುದಿಲ್ಲ. ಹಾಗಾಗಿ ಬಸ್ ಖರ್ಚು ಉಳಿದ ಮನೆ, ಲೆಕ್ಕದಲ್ಲಿ ಖರ್ಚು ಕಡಿಮೆ ಮಾಡಿದ ಮನೆಯಾಗಿ, ಬಡವಾದಂತೆ ಕಾಣಬಹುದು.

## ಮನೆ ಬಾಗಿಲಲ್ಲಿ

ಆದಾಯ ಎಷ್ಟು ಅಂದ್ರೆ ಯಾರೂ ಸರಿ ಹೇಳೋದಿಲ್ಲ. ಏನು ಮಾಡೋದು?

ಹೇಳುವುದಿಲ್ಲ, ಮತ್ತೆ ಯಾಕೆ ಹೇಳಬೇಕು? ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1.2 ಲಕ್ಷದ ಮಿತಿ ಇರುವಾಗ, ಕೈಯಲ್ಲಿ ಟ್ಯಾಬ್ ಹಿಡಿದು ಬಂದ ಅಪರಿಚಿತರಿಗೆ ನಿಜ ಹೇಳಿ ಕಾರ್ಡು ಕಳೆದುಕೊಳ್ಳುವ ದಡ್ಡತನ ಯಾರೂ ಮಾಡುವುದಿಲ್ಲ. ಆದಾಯ ಬಿಡಿ, ನಡೆದದ್ದನ್ನು ಕೇಳಿ. "ತಿಂಗಳಿಗೆ ಆಹಾರಕ್ಕೆ ಎಷ್ಟು ಖರ್ಚು ಮಾಡುತ್ತೀರಿ?" ಅನ್ನುವುದಕ್ಕಿಂತ "ಅಕ್ಕಾ, ಕಳೆದ ಸೋಮವಾರದಿಂದ ನಿನ್ನೆಯವರೆಗೆ ಎಷ್ಟು ಸಲ ಮೀನು ತಂದಿರಿ? ಕೊನೆಯ ಸಲ ಎಷ್ಟು ಕೊಟ್ಟಿರಿ?" ಅಂತ ಕೇಳಿ. ಅಂಗಡಿಯ ಉದ್ದರಿ ಎಷ್ಟಿದೆ, ಚಿನ್ನ ಅಡವಿಟ್ಟದ್ದು ಬಿಡಿಸಿಕೊಂಡರಾ, ಸಂಘದ ಕಂತು ತಪ್ಪಿತಾ, ಈ ಮೂರು ಪ್ರಶ್ನೆ ಸಂಬಳದ ಪ್ರಶ್ನೆಗಿಂತ ಎಷ್ಟೋ ಮೇಲು.

ಏಳು ದಿನದ್ದು ಕೇಳಬೇಕಾ, ತಿಂಗಳದ್ದಾ?

ಮೀನು, ತರಕಾರಿ, ಹಾಲು ಏಳು ದಿನ. ಅಕ್ಕಿ, ಕರೆಂಟು ತಿಂಗಳು. ಬಟ್ಟೆ, ಆಸ್ಪತ್ರೆಯ ದೊಡ್ಡ ಖರ್ಚು ವರ್ಷ. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಮೊದಲ ಸಲ ಹೇಗೆ ಕೇಳಿದಿರೋ ಎರಡನೇ ಸಲವೂ ಹಾಗೆಯೇ ಕೇಳಬೇಕು. 1999-2000ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಒಂದೇ ಮನೆಗೆ ಆಹಾರದ ಬಗ್ಗೆ ಏಳು ದಿನದ್ದನ್ನೂ ಮೂವತ್ತು ದಿನದ್ದನ್ನೂ ಒಟ್ಟಿಗೆ ಕೇಳಿದರು. ಜನ ಒಂದಕ್ಕೊಂದು ಹೊಂದಿಸಿ ಉತ್ತರ ಕೊಟ್ಟರು. ತಿಂಗಳ ಖರ್ಚು ಮೇಲೆ ಹೋಯಿತು, ಬಡತನ ಕಾಗದದಲ್ಲಿ ಚೆನ್ನಾಗಿಯೇ ಇಳಿಯಿತು. ನಿಜಕ್ಕೂ ಎಷ್ಟು ಇಳಿದಿತ್ತು ಅಂತ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಜಗಳವಾಡಿದರು. ಪ್ರಶ್ನೆ ಬದಲಿಸಲೇಬೇಕಾದರೆ ಅರ್ಧ ಮನೆಗೆ ಹಳೆಯದು, ಅರ್ಧ ಮನೆಗೆ ಹೊಸದು ಕೇಳಿ.

ಸಮೀಕ್ಷೆ ಯಾವ ತಿಂಗಳು ಇಟ್ಟುಕೊಂಡರೆ ಒಳ್ಳೇದು?

ಕರಾವಳಿಯಲ್ಲಿ ಎಲ್ಲ ಪ್ರಶ್ನೆಗಿಂತ ಇದೇ ದೊಡ್ಡದು. ಹೊರಗಿನಿಂದ ಬರುವವರು ಎಡವುವುದೂ ಇಲ್ಲೇ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಟ್ರಾಲರ್, ಪರ್ಸೀನ್ ಬೋಟುಗಳು ಬಂದರಿನಲ್ಲಿ ನಿಂತಿರುತ್ತವೆ, ನಾಡದೋಣಿಯವರು ಮಾತ್ರ ಮಳೆ ಬಿಡುವು ನೋಡಿ ಇಳಿಯುತ್ತಾರೆ. ಬೋಟಿನಲ್ಲಿ ದುಡಿಯುವವರಿಗೆ ಪಾಲು ಇಲ್ಲ, ಮೀನು ಮಾರುವ ಹೆಂಗಸರಿಗೆ ಮೀನಿಲ್ಲ, ಐಸ್ ಹೊಡೆಯುವವರಿಗೆ ಕೆಲಸವಿಲ್ಲ. ಆಗಸ್ಟ್ ಬಂತು ಅಂದರೆ ಎಲ್ಲ ಒಮ್ಮೆಲೇ ಶುರು.

ಈಗ ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿ ಶುರುವಾದ ದಿನ ನೋಡಿ: 2023ರ ಆಗಸ್ಟ್ 30. ಜುಲೈನಲ್ಲಿ "ಮೊದಲಿನ" ಲೆಕ್ಕ, ಅಕ್ಟೋಬರಿನಲ್ಲಿ "ನಂತರದ" ಲೆಕ್ಕ ತೆಗೆದವರಿಗೆ ಮುದಗಾ, ಬೇಲೆಕೇರಿ, ತದಡಿ ಬಂದರುಗಳ ಕಡೆ ಬದುಕು ಭರ್ಜರಿ ಸುಧಾರಿಸಿದ ಹಾಗೆ ಕಂಡೀತು. ಅದರಲ್ಲಿ ಎರಡು ಸಾವಿರ ರೂಪಾಯಿಯ ಪಾಲೆಷ್ಟು, ಬಂಗಡೆ ಮೀನಿನ ಪಾಲೆಷ್ಟು? ಹೇಳಲು ಸಾಧ್ಯವೇ ಇಲ್ಲ. ಘಟ್ಟದ ಮೇಲೆ ಇದು ಉಲ್ಟಾ. ಶಿರಸಿ, ಸಿದ್ದಾಪುರದಲ್ಲಿ ಅಡಿಕೆ ಗೊನೆ ಕೊಯ್ಲು, ಸುಲಿಯುವ ಕೆಲಸ ಚಳಿಗಾಲದಲ್ಲಿ. ಕೂಲಿ ಹೆಂಗಸರ ಕೈಗೆ ದುಡ್ಡು ಬರುವುದು ಆಗ. ಒಂದೇ ತಿಂಗಳಲ್ಲಿ ಕಾರವಾರ, ಶಿರಸಿ ಎರಡೂ ಮುಗಿಸಿ ಹೋಲಿಸಿದರೆ ಕಾಣುವುದು ಋತು, ಯೋಜನೆಯಲ್ಲ.

ಮಾಡುವುದಿಷ್ಟೇ: ಹೋದ ವರ್ಷ ಯಾವ ತಿಂಗಳು ಹೋದಿರೋ ಈ ವರ್ಷವೂ ಅದೇ ತಿಂಗಳು ಹೋಗಿ. ಆಗುವುದಾದರೆ ವರ್ಷಕ್ಕೆ ಎರಡು ಸಲ, ನಿಷೇಧದ ನಡುವೆ ಒಮ್ಮೆ, ಜನವರಿಯಲ್ಲಿ ಒಮ್ಮೆ. ಜುಲೈ ಮಳೆಯಲ್ಲಿ ಸಮೀಕ್ಷೆ ಯಾರಿಗೂ ಬೇಡದ ಕೆಲಸ, ನಿಜ. ಆದರೆ ಆಸರೆ ಬೇಕಾಗುವ ತಿಂಗಳೇ ಅದು, ಅಲ್ವಾ?

ಒಂದು ಮನೆ ಅಂದ್ರೆ ಯಾವುದು? ಕಾರ್ಡಾ, ಒಲೆಯಾ, ಮೀಟರಾ?

ಮೂರನ್ನೂ ಬರೆದುಕೊಳ್ಳಿ, ಒಂದನ್ನು ಇನ್ನೊಂದೆಂದು ತಿಳಿಯಬೇಡಿ. ಗೃಹಲಕ್ಷ್ಮಿ, ಪುಕ್ಕಟೆ ಅಕ್ಕಿಯ ಅನ್ನಭಾಗ್ಯ ನೋಡುವುದು ರೇಷನ್ ಕಾರ್ಡನ್ನು. ಪುಕ್ಕಟೆ ಕರೆಂಟಿನ ಗೃಹಜ್ಯೋತಿ ನೋಡುವುದು ಮೀಟರನ್ನು. ಊಟ, ಖರ್ಚು ನಡೆಯುವುದು ಒಲೆಯ ಲೆಕ್ಕದಲ್ಲಿ. ಒಂದೇ ಸೂರಿನಡಿ ಅಣ್ಣ ತಮ್ಮಂದಿರ ಎರಡು ಒಲೆ, ಒಂದು ಮೀಟರು, ಎರಡು ಕಾರ್ಡು ಇರುವ ಮನೆ ನಮ್ಮಲ್ಲಿ ಬೇಕಾದಷ್ಟು. ಕಾರ್ಡಿಗೆ ಎರಡು ಸಾವಿರ ಅಂದಾಗ ಒಟ್ಟಿಗಿದ್ದವರೂ ಕಾರ್ಡು ಬೇರೆ ಮಾಡಿಸಲು ನೋಡುತ್ತಾರೆ. ಅಂಥ ಕಡೆ "ಕುಟುಂಬಗಳು ಹೆಚ್ಚಾದವು, ಕುಟುಂಬದ ಗಾತ್ರ ಇಳಿಯಿತು" ಅನ್ನುವ ಅಂಕಿಯನ್ನು ಯೋಜನೆಯೇ ಹುಟ್ಟಿಸಿರುತ್ತದೆ. ಒಲೆಯನ್ನು ಮೂಲವಾಗಿಟ್ಟುಕೊಂಡು ಕಾರ್ಡು, ಮೀಟರಿನ ನಂಬರು ಪಕ್ಕದಲ್ಲಿ ಬರೆಯುವುದು ನನಗೆ ಸರಿ ಕಾಣುತ್ತದೆ.

ಆಶಾ, ಅಂಗನವಾಡಿಯವರ ಕೈಲೇ ಮಾಡಿಸಬಹುದಲ್ವಾ?

ಮನೆ ಹುಡುಕಲು ಅವರಷ್ಟು ಗೊತ್ತಿರುವವರು ಯಾರೂ ಇಲ್ಲ. ಆದರೆ ಅವರ ಮೈಮೇಲೆ ಈಗಾಗಲೇ ಹೊರಲಾರದಷ್ಟು ಕೆಲಸ ಇದೆ. ಮೇಲಾಗಿ ಪೌಷ್ಟಿಕ ಆಹಾರ ಕೊಡುವವರ ಮುಂದೆಯೇ "ಆಹಾರ ಸರಿ ಸಿಗುತ್ತಾ?" ಅಂತ ಕೇಳಿದರೆ ಹೌದು ಅಂತಲೇ ಉತ್ತರ ಬರುತ್ತದೆ. ದಾರಿ ತೋರಿಸಲು ಅವರು, ಕೇಳಲು ಬೇರೆ ಊರಿನವರು. ಕೇಳುವವರಿಗೆ ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ ಬರಬೇಕು. ಯಲ್ಲಾಪುರ, ಹಳಿಯಾಳದ ಸಿದ್ದಿ ಕೇರಿಗಳಿಗೆ ಅಲ್ಲಿನವರೇ ಒಬ್ಬರು ಜೊತೆಗಿದ್ದರೆ ಅರ್ಧ ಕೆಲಸ ಆದಂತೆ.

ಎಷ್ಟು ಮನೆ ಕೇಳಿದರೆ ಸಾಕು?

ಚೀಟಿ ಎತ್ತಿದ ಹಾಗೆ ಆರಿಸಿದ 400 ಮನೆಯಿದ್ದರೆ ಶೇಕಡಾವಾರು ಉತ್ತರ ಹೆಚ್ಚುಕಡಿಮೆ 5 ಅಂಶ ಆಚೀಚೆ ಇರುತ್ತದೆ. ಆ 5ನ್ನು 2.5ಕ್ಕೆ ಇಳಿಸಲು 800 ಸಾಲದು, 1,600 ಬೇಕು. ಕೆಲವೇ ಊರುಗಳಿಗೆ ಹೋಗಿ ಅಲ್ಲೇ ತುಂಬಾ ಮನೆ ಕೇಳಿದರೆ ಇನ್ನೂ ಜಾಸ್ತಿ ಬೇಕಾಗುತ್ತದೆ, ಯಾಕೆಂದರೆ ಒಂದೂರಿನವರು ಒಬ್ಬರಿಗೊಬ್ಬರು ಹೋಲುತ್ತಾರೆ. ಜಿಲ್ಲೆಗೆಲ್ಲ ಒಂದೇ ಚೀಟಿ ಡಬ್ಬಿ ಇಟ್ಟರೆ ಜನ ವಿರಳವಾಗಿರುವ ಜೋಯಿಡಾಕ್ಕೆ ಬೆರಳೆಣಿಕೆಯ ಮನೆ ಬಂದಾವು. ಅಲ್ಲಿ ಬೇಕೆಂದೇ ಜಾಸ್ತಿ ಮನೆ ಆರಿಸಿ, ಒಟ್ಟು ಲೆಕ್ಕ ಮಾಡುವಾಗ ಆ ಮನೆಗಳ ತೂಕ ಇಳಿಸಿ.

## ಇಲಾಖೆಯ ದಾಖಲೆಗಳ ಬಗ್ಗೆ

ಗೃಹಲಕ್ಷ್ಮಿ ದುಡ್ಡು ಜಮಾ ಆಗಿದೆ ಅಂತ ಆಫೀಸಿನಲ್ಲಿ ಹೇಳ್ತಾರೆ, ಬಂದಿಲ್ಲ ಅಂತ ಅಕ್ಕಂದಿರು ಹೇಳ್ತಾರೆ. ಯಾರನ್ನ ನಂಬಬೇಕು?

ಇಬ್ಬರೂ ನಿಜ ಹೇಳುತ್ತಿರಬಹುದು. ಆಧಾರ್ ಜೋಡಣೆಯಾದ ಖಾತೆಗೆ ದುಡ್ಡು ಹೋಗುತ್ತದೆ. ಆ ಖಾತೆ ಹಳೆಯದಾಗಿ, ಅವರು ಮರೆತೇ ಹೋಗಿದ್ದು ಇರಬಹುದು. ಎರಡು ಕಂತು ಒಟ್ಟಿಗೆ ಬಂದು, ಯಾವ ತಿಂಗಳದ್ದು ಅಂತ ಗೊತ್ತಾಗದೆ ಇರಬಹುದು. ಬ್ಯಾಂಕ್ ಸಾಲಕ್ಕೆ ಮುರಿದುಕೊಂಡಿರಬಹುದು. ಹಾಗಾಗಿ ದಾಖಲೆಯಲ್ಲಿ ಮೂರು ದಿನಾಂಕ ಬೇಕು: ಯಾವ ತಿಂಗಳ ಕಂತು, ಖಾತೆಗೆ ಬಿದ್ದ ದಿನ, ಕೈಗೆ ತೆಗೆದ ದಿನ. ಮೊದಲಿನ ಎರಡು ಇಲಾಖೆ, ಬ್ಯಾಂಕಿನಲ್ಲಿ ಇರುತ್ತವೆ. ಮೂರನೆಯದಕ್ಕೆ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಬೇಕು. ಹೇಳಿದ ತಿಂಗಳಿಗೆ ಬಾರದ ದುಡ್ಡು ಉದ್ದರಿ ತೀರಿಸಲು ಹೋಗುತ್ತದೆ, ಸರಿಯಾಗಿ ಬಂದದ್ದು ಸಂತೆಗೆ ಹೋಗುತ್ತದೆ. ಪರಿಣಾಮ ಅಳೆಯುವವರಿಗೆ ಈ ತಡವೇ ಮುಖ್ಯ ಮಾಹಿತಿ.

ಇರುವುದರಲ್ಲಿ ಒಳ್ಳೆಯ ದಾಖಲೆ ಯಾವುದು?

ನನ್ನನ್ನು ಕೇಳಿದರೆ ಕರೆಂಟು ಕೊಡುವ ಹೆಸ್ಕಾಂನ ಮೀಟರ್ ಲೆಕ್ಕ. ಗೃಹಜ್ಯೋತಿಯ ನಿಯಮದೊಳಗೇ "ಮೊದಲು ಎಷ್ಟಿತ್ತು" ಅನ್ನುವುದು ಕೂತಿದೆ. 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10, ಒಟ್ಟು 200 ಯೂನಿಟ್ ಮೀರದಂತೆ. ತಿಂಗಳಿಗೆ 70 ಯೂನಿಟ್ ಸುಡುತ್ತಿದ್ದ ಮನೆಗೆ 77 ಪುಕ್ಕಟೆ. ಕಡಿಮೆ ಬಳಸುವವರಿಗೆ ಆಮೇಲೆ ಶೇಕಡಾ 10ರ ಬದಲು 10 ಯೂನಿಟ್ ಮಾಡಿದರು. ಪ್ರತಿ ಮೀಟರಿನದ್ದೂ ತಿಂಗಳು ತಿಂಗಳ ಓದು ಇದೆ, ಯಾರ ನೆನಪನ್ನೂ ನಂಬಬೇಕಿಲ್ಲ. ತೊಂದರೆ ಬಾಡಿಗೆ ಮನೆಗಳಲ್ಲಿ: ಮೀಟರು ಅದೇ, ಒಳಗಿನವರು ಬೇರೆ.

ರೇಷನ್ ಅಂಗಡಿಯ ಲೆಕ್ಕದಲ್ಲಿ ಎಲ್ಲ ಇದೆಯಲ್ಲ, ಹೆಬ್ಬೆಟ್ಟು ಒತ್ತಿಯೇ ಒಯ್ಯುತ್ತಾರೆ?

ಒಯ್ದದ್ದು ಇದೆ, ಉಂಡದ್ದು ಇಲ್ಲ. ಕರಾವಳಿಯಲ್ಲಿ ಗಂಜಿಗೆ ಕುಚಲಕ್ಕಿಯೇ ಆಗಬೇಕು. ರೇಷನ್ನಿನ ಬೆಳ್ತಿಗೆ (ಬಿಳಿ) ಅಕ್ಕಿ ದೋಸೆ, ಇಡ್ಲಿಗೆ ಹೋಗಬಹುದು, ಮಾರಾಟಕ್ಕೂ ಹೋಗಬಹುದು. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಗೆ ಬದಲು ತಿಂಗಳಿಗೆ ತಲೆಗೆ 170 ರೂಪಾಯಿ ಬಂದು, 2025ರಲ್ಲಿ ಮತ್ತೆ ಅಕ್ಕಿಗೇ ಮರಳಿತು. ದುಡ್ಡು ಬಂದಾಗ ಆ ಮನೆಗಳು ಕುಚಲಕ್ಕಿ ಕೊಂಡವಾ? ಈ ಒಂದು ಪ್ರಶ್ನೆಗೆ ಉತ್ತರ ಇದ್ದಿದ್ದರೆ ಅಕ್ಕಿಯಾ, ದುಡ್ಡಾ ಅನ್ನುವ ಚರ್ಚೆಗೆ ಕರಾವಳಿಯಿಂದ ಹೇಳಲು ಏನಾದರೂ ಇರುತ್ತಿತ್ತು.

ಮಾಹಿತಿ ಕೇಳಿದರೆ ಕೊಡೋದೇ ಇಲ್ಲ. ಆರ್‌ಟಿಐ ಹಾಕಬೇಕಾ?

ಕೊನೆಗೆ ಹಾಕಿ. ಮೊದಲು ಸಣ್ಣದಾಗಿ ಕೇಳಿ. "ಎಲ್ಲ ಫಲಾನುಭವಿಗಳ ವಿವರ" ಅಂದರೆ ಯಾರೂ ಕೊಡುವುದಿಲ್ಲ, ಕೊಡಲೂ ಬಾರದು. ಪಂಚಾಯತಿವಾರು, ತಿಂಗಳವಾರು ಅರ್ಜಿ ಎಷ್ಟು, ಮಂಜೂರಾದದ್ದು ಎಷ್ಟು, ತಿರಸ್ಕಾರ ಎಷ್ಟು, ಕಾರಣ ಏನು ಅಂತ ಕೇಳಿ. ಹೆಸರಿಲ್ಲದ ಕೋಷ್ಟಕ ಸಾಕು.

## ಸ್ವಲ್ಪ ಆಳದವು

ಗೋವಾದ ಕಾಣಕೋಣ ಪಕ್ಕದಲ್ಲೇ ಇದೆ, ಅಲ್ಲಿ ಗೃಹಲಕ್ಷ್ಮಿ ಇಲ್ಲ. ಹೋಲಿಸಿದರೆ ಆಯ್ತಲ್ಲ?

ಆಸೆ ಹುಟ್ಟಿಸುವ ಉಪಾಯ. ಅದೇ ಸಮುದ್ರ, ಅದೇ ಮೀನು, ಹೆಚ್ಚುಕಡಿಮೆ ಅದೇ ಮಾತು. ಆದರೆ ಗೋವಾದಲ್ಲಿ 2012ರಿಂದ ಗೃಹ ಆಧಾರ್ ಇದೆ, ಮನೆಯ ಹೆಂಗಸಿಗೆ ತಿಂಗಳಿಗೆ 1,500. ಅಂದರೆ ನೀವು ಹೋಲಿಸುವುದು "ಇದ್ದದ್ದು" ಮತ್ತು "ಇಲ್ಲದ್ದು" ಅಲ್ಲ, ಹೊಸದು ಮತ್ತು ಹಳೆಯದು. ಮಹಾರಾಷ್ಟ್ರದ ಸಿಂಧುದುರ್ಗಕ್ಕೆ ಹೋದರೆ ಅಲ್ಲಿ 2024ರಿಂದ ಹೆಂಗಸರಿಗೆ ದುಡ್ಡು ಕೊಡುವ ಲಾಡ್ಕಿ ಬಹೀಣ್. ಇನ್ನೊಂದು ತೊಡಕು, ಕಾರವಾರದ ಎಷ್ಟೋ ಜನ ದುಡಿಯುವುದೇ ಗೋವಾದಲ್ಲಿ. ಅಲ್ಲಿನ ಕೂಲಿ ಏರಿದರೆ ಇಲ್ಲಿನ ಮನೆ ಸುಧಾರಿಸುತ್ತದೆ. ಶಕ್ತಿ ಯೋಜನೆಗೆ ಮಾತ್ರ ಗಡಿ ಹೋಲಿಕೆ ಸ್ವಲ್ಪ ನಡೆದೀತು, ಗೋವಾಕ್ಕೆ ಹೋಗುವ ಅಂತರರಾಜ್ಯ ಬಸ್ಸಿಗೆ ಅದು ಅನ್ವಯಿಸುವುದಿಲ್ಲವಲ್ಲ.

ರಾಜ್ಯಕ್ಕೆಲ್ಲ ಒಂದೇ ದಿನ ಶುರುವಾದ ಮೇಲೆ ಹೋಲಿಕೆಗೆ ಯಾರಿದ್ದಾರೆ?

ಕಷ್ಟ, ಪೂರ್ತಿ ಅಸಾಧ್ಯ ಅಲ್ಲ. ಮೆಕ್ಸಿಕೋ ಸರಕಾರ 1997ರಲ್ಲಿ ಬಡ ಮನೆಗಳಿಗೆ ನಗದು ಕೊಡುವ ಪ್ರೊಗ್ರೆಸಾ ಯೋಜನೆ ಶುರು ಮಾಡಿದಾಗ ಅಧ್ಯಯನಕ್ಕೆ 506 ಹಳ್ಳಿ ಆರಿಸಿ, 320ಕ್ಕೆ ಮೊದಲು, 186ಕ್ಕೆ ತಡವಾಗಿ ಕೊಟ್ಟಿತು. ಹೇಗಿದ್ದರೂ ಹಂತ ಹಂತವಾಗಿಯೇ ಕೊಡಬೇಕಿತ್ತು, ಆ ಸರದಿಯನ್ನೇ ಚೀಟಿಯಿಂದ ಆರಿಸಿದರು. ನಮ್ಮಲ್ಲಿ ಮುಂದೆ ನಿಯಮ ಬದಲಾಗುವಾಗ ತಾಲೂಕುವಾರು ಹಂತ ಮಾಡಿದರೆ ಅಷ್ಟೇ ಲಾಭ.

ಶುರುವಾಗಿಹೋದ ಯೋಜನೆಗೆ ಅರ್ಹತೆಯ ಗೆರೆಯ ಅಕ್ಕಪಕ್ಕ ನೋಡಬಹುದು. ಹಿರಿಯರ ಪಿಂಚಣಿಯಾದ ಸಂಧ್ಯಾ ಸುರಕ್ಷಾಕ್ಕೆ 65 ತುಂಬಬೇಕು. 64ರವರಿಗೂ 66ರವರಿಗೂ ಬದುಕಿನಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ, ಪಿಂಚಣಿಯದ್ದೊಂದು ಬಿಟ್ಟು. ಆದರೆ ಆಧಾರಿನಲ್ಲಿ ಹಿರಿಯರ ಹುಟ್ಟಿದ ದಿನ ಜನವರಿ 1 ಅಂತ ಸಾಲು ಸಾಲಾಗಿ ಕಂಡರೆ ವಯಸ್ಸು ಅಂದಾಜಿನದ್ದು ಅಂತ ತಿಳಿಯಿರಿ. ಅಂದಾಜಿನ ವಯಸ್ಸು ಗೆರೆಯ ಕಡೆಗೆ ವಾಲಿರುತ್ತದೆ. "ದಾಖಲೆ ಸಿಕ್ಕದೆ ತಡವಾದವರನ್ನು" ಹೋಲಿಕೆಗೆ ಬಳಸುವುದಂತೂ ಬೇಡ. ಅವರು ಮೊದಲಿನಿಂದಲೂ ಹೆಚ್ಚು ಕಷ್ಟದಲ್ಲಿ ಇದ್ದವರು.

ಫಲಾನುಭವಿಗಳು ಕಡಿಮೆಯಾದರೆ ಯೋಜನೆ ಗೆದ್ದ ಹಾಗೆ ಅಲ್ವಾ?

ಅಮೆರಿಕದಲ್ಲಿ 1996ರಲ್ಲಿ ಬಡ ಕುಟುಂಬಗಳ ನಗದು ನೆರವಿನ ಕಾಯ್ದೆ ಬದಲಾಯಿಸಿದರು. ಕಾಲಮಿತಿ, ಕೆಲಸದ ಷರತ್ತು ಬಂತು, ನಿಯಮ ರಾಜ್ಯಗಳ ಕೈಗೆ ಹೋಯಿತು. 1994ರಲ್ಲಿ ನೆರವು ಪಡೆಯುತ್ತಿದ್ದ ಕುಟುಂಬಗಳ ಸಂಖ್ಯೆ 2000ದ ಹೊತ್ತಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಅದೇ ವರ್ಷಗಳಲ್ಲಿ ಕೆಲಸವೂ ಧಾರಾಳ ಇತ್ತು, ಕಡಿಮೆ ಸಂಬಳದವರ ತೆರಿಗೆ ರಿಯಾಯಿತಿಯೂ ಹೆಚ್ಚಿತ್ತು. ಯಾವುದರಿಂದ ಎಷ್ಟು ಇಳಿಯಿತು? ರಾಷ್ಟ್ರದ ಸಮೀಕ್ಷೆಗಳಲ್ಲಿ ಒಂದೊಂದು ರಾಜ್ಯದ ಮನೆಗಳು ತೀರಾ ಕಡಿಮೆ. ಬಿಟ್ಟು ಹೋದವರನ್ನು ಹುಡುಕಿದ ರಾಜ್ಯಗಳು "ಬಿಟ್ಟವರು" ಯಾರು ಅನ್ನುವುದನ್ನೇ ಒಂದೊಂದು ರೀತಿ ಎಣಿಸಿದವು. ಬಾಗಿಲಿಗೆ ಬಂದು ಅರ್ಜಿಯನ್ನೇ ಹಾಕದೆ ಹಿಂದೆ ಹೋದವರ ಲೆಕ್ಕ ಅದಕ್ಕಿಂತ ಕಡಿಮೆ ಸಿಕ್ಕಿತು. ನಮ್ಮಲ್ಲಿ ಬಿಪಿಎಲ್ ಕಾರ್ಡು ರದ್ದಾದ ಸುದ್ದಿ ಓದುವಾಗಲೂ ಇದನ್ನೇ ಕೇಳಬೇಕು: ಆ ಮನೆಗಳು ಈಗ ಹೇಗಿವೆ ಅಂತ ಯಾರಾದರೂ ಹೋಗಿ ನೋಡಿದರಾ?

ಬೇರೆ ಬೇರೆ ಇಲಾಖೆಯ ಪಟ್ಟಿ ಜೋಡಿಸಿದರೆ ಎಲ್ಲ ಸಿಗುತ್ತಲ್ಲ? ಗುಟ್ಟು ಹೊರಬಿದ್ದರೆ?

ಎರಡೂ ಹೌದು. ರಾಜ್ಯದ ಕುಟುಂಬ ತಂತ್ರಾಂಶ ಈಗಾಗಲೇ ರೇಷನ್ ಕಾರ್ಡಿನ ಆಧಾರದ ಮೇಲೆ ಯೋಜನೆಗಳನ್ನು ಜೋಡಿಸುತ್ತದೆ. ಹೆಸರಿನಿಂದ ಜೋಡಿಸಲು ಹೋಗಬೇಡಿ. ಹಾಲಕ್ಕಿ ಕೊಪ್ಪದಲ್ಲಿ ಎಲ್ಲರೂ ಗೌಡರೇ, ಶಿರಸಿಯಲ್ಲಿ ಒಂದೇ ಹೆಸರಿನ ಹೆಗಡೆಯವರು ಊರಿಗೆ ನಾಲ್ವರು. ಇಲಾಖೆಯೊಳಗೆ ನಂಬರಿನಿಂದ ಜೋಡಿಸಿ, ನಂಬರು ಅಳಿಸಿ, ಗುರುತಿಲ್ಲದ ಸಂಕೇತ ಹಾಕಿ ಅಧ್ಯಯನಕ್ಕೆ ಕೊಡುವುದು ಸರಿಯಾದ ಕ್ರಮ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಸಂಶೋಧನೆ, ಅಂಕಿಅಂಶಕ್ಕೆ ವಿನಾಯಿತಿ ಇದೆ. ಷರತ್ತು ಏನೆಂದರೆ, ಅದರಿಂದ ಒಬ್ಬ ವ್ಯಕ್ತಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳಬಾರದು. ಪ್ರಕಟಿಸುವಾಗ ಹತ್ತಕ್ಕಿಂತ ಕಡಿಮೆ ಮನೆ ಇರುವ ಕೋಷ್ಟಕದ ಚೌಕವನ್ನು ಖಾಲಿ ಬಿಡಿ. "ಈ ಕೇರಿಯಲ್ಲಿ ಇಬ್ಬರು ವಿಧವೆಯರು, ಒಬ್ಬರಿಗೆ ಸಾಲ" ಅಂತ ಬರೆದರೆ ಹೆಸರು ಬರೆದ ಹಾಗೆಯೇ.

ಅದೇ ಮನೆಗಳಿಗೆ ಮತ್ತೆ ಹೋದರೆ ಅರ್ಧ ಜನ ಇರೋದೇ ಇಲ್ಲ. ಬದಲಿ ಮನೆ ತಗೊಳ್ಳಬಹುದಾ?

ಬೇಡ. ಗೋವಾಕ್ಕೋ, ಹುಬ್ಬಳ್ಳಿಗೋ, ಬೆಂಗಳೂರಿಗೋ ಹೋದವರ ಕಥೆಯೇ ಬಹುಶಃ ಮುಖ್ಯ ಬದಲಾವಣೆ. ಮೊದಲ ಭೇಟಿಯಲ್ಲೇ ಇಬ್ಬರು ನೆಂಟರ ಫೋನ್ ನಂಬರು ತೆಗೆದುಕೊಂಡಿರಿ, ಒಂದು ತವರಿನ ಕಡೆಯದ್ದು ಇರಲಿ. ಎರಡನೇ ಸಲ ಫೋನಿನಲ್ಲಾದರೂ ಹತ್ತು ಪ್ರಶ್ನೆ ಕೇಳಿ. ಸಿಗದವರು ಸಿಕ್ಕವರಿಗಿಂತ ಮೊದಲ ಸಲವೇ ಹೇಗೆ ಬೇರೆ ಇದ್ದರು ಅನ್ನುವುದನ್ನು ವರದಿಯಲ್ಲಿ ಬರೆಯಿರಿ.

ಇಷ್ಟಕ್ಕೆಲ್ಲ ನಮ್ಮ ಪಂಚಾಯತಿಯಲ್ಲಿ ದುಡ್ಡಿಲ್ಲ ಸರ್. ಒಂದೇ ಕೆಲಸ ಮಾಡೋದಾದ್ರೆ?

ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಆರು ಕಾಲಮ್ ಎಳೆಯಿರಿ: ಮನೆ ನಂಬರು, ಯಾವ ಯೋಜನೆ, ಬಂದು ಕೇಳಿದ ದಿನ, ಏನಾಯಿತು, ಕಾರಣ, ಮೂರು ತಿಂಗಳ ನಂತರ ಸ್ಥಿತಿ. ಕಾರಣಕ್ಕೆ ಕೆಲವೇ ಸಂಕೇತ ಸಾಕು. ಆಧಾರ್ ಹೆಸರು ಹೊಂದಿಲ್ಲ, ಬ್ಯಾಂಕ್ ಜೋಡಣೆ ಇಲ್ಲ, ಮನೆಯವರು ಆದಾಯ ತೆರಿಗೆ ಕಟ್ಟುತ್ತಾರೆ ಅಂತ ತೋರಿಸಿದೆ, ಕಾರ್ಡಿನಲ್ಲಿ ಯಜಮಾನಿ ಬೇರೆ, ನೆಟ್‌ವರ್ಕ್ ಸಿಗದೆ ವಾಪಸ್, ಅರ್ಜಿಯನ್ನೇ ಹಾಕಲಿಲ್ಲ. ಕೊನೆಯದನ್ನು ಬಿಡಬೇಡಿ, ಸುಮ್ನೆ ವಿಚಾರಿಸಿ ಹೋದವರನ್ನೂ ಬರೆಯಿರಿ. ಪುಸ್ತಕ ಬಿಲ್ ಕಲೆಕ್ಟರ್ ಕೈಯಲ್ಲೋ, ಡಾಟಾ ಎಂಟ್ರಿಯವರ ಮೇಜಿನ ಮೇಲೋ ಇರಲಿ. ತಿಂಗಳ ಕೊನೆಗೆ ಸಂಕೇತಗಳನ್ನು ಕೂಡಿಸಿ ಗ್ರಾಮಸಭೆಯಲ್ಲಿ ಹೆಸರಿಲ್ಲದೆ ಓದಿ. ಇದಕ್ಕೆ ಯಾರ ಮಂಜೂರಾತಿಯೂ ಬೇಡ, ಮುಂದಿನ ಸೋಮವಾರದಿಂದಲೇ ಶುರು ಮಾಡಬಹುದು.